ನೆಗ್ಗಿದ ಬಾಗಿಲು, ಪುಟ್ಟಿಯ ಆಯಸ್ಸು

ಸಂಜೆ ಐದೂವರೆಯ ಓರೆಬಿಸಿಲು ನಿಂತ ಕಾರಿನ ಪಕ್ಕೆಗೆ ತಾಗಿದಾಗ ಯಾವ ಬಾಗಿಲಿಗೆ ಪುಟ್ಟಿ, ಅಂದರೆ ನೆಗ್ಗು ತುಂಬುವ ಲೇಪ, ಬಿದ್ದಿದೆ ಎಂಬುದು ಹತ್ತು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ. ಎದುರಿನ ಕಾಂಪೌಂಡು, ಕಂಬ, ತಂತಿ ಎಲ್ಲವೂ ಉಳಿದ ಬಾಗಿಲುಗಳಲ್ಲಿ ನೇರವಾಗಿ ಕಾಣುತ್ತಿದ್ದರೆ ಆ ಒಂದು ಬಾಗಿಲಲ್ಲಿ ಮಾತ್ರ ನೀರಿನೊಳಗೆ ಕಂಡ ಹಾಗೆ ಬಳುಕುತ್ತವೆ. ಇನ್ನು ಕೆಲವು ಕಾರುಗಳಲ್ಲಿ ಗೆರೆ ಬಳುಕುವುದಿಲ್ಲ, ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣದಡಿ ಅಕ್ಕಿಕಾಳಿನಷ್ಟು ಗುಳ್ಳೆ ಏಳುತ್ತದೆ. ಮುಂದಿನ ಮಳೆಗಾಲಕ್ಕೆ ಗುಳ್ಳೆ ಒಡೆದು ಕಂದು ನೀರು ಇಳಿಯುತ್ತದೆ. ಎರಡಕ್ಕೂ ಜನ ಬೈಯುವುದು ಪುಟ್ಟಿಯನ್ನೇ. ‘ಪುಟ್ಟಿ ಹಾಕಿದ ಗಾಡಿ’ ಅಂದರೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆಲೆ ಇಳಿಸುವ ಮಾತು. ಆದರೆ ಈ ಎರಡು ಸೋಲುಗಳಲ್ಲೂ ಪುಟ್ಟಿಯ ತಪ್ಪು ತೀರಾ ಕಡಿಮೆ. ಮೊದಲನೆಯದು ತಗಡನ್ನು ಸರಿಯಾಗಿ ಎತ್ತದೆ ಪುಟ್ಟಿಯಿಂದ ಆಕಾರ ಕೊಡಲು ಹೋದದ್ದರ ಫಲ. ಎರಡನೆಯದು ಪುಟ್ಟಿಯ ಅಡಿಗೋ ಹಿಂದಕ್ಕೋ ನೀರು ಬಿಟ್ಟದ್ದರ ಫಲ. ಪುಟ್ಟಿ ಎಷ್ಟು ವರ್ಷ ಬಾಳುತ್ತದೆ ಎಂಬುದು ಡಬ್ಬ ತೆರೆಯುವ ಮೊದಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಮನೆಯಲ್ಲೇ ಈ ಕೆಲಸ ಮಾಡಿಕೊಳ್ಳುವವರು ಈಗ ಹೆಚ್ಚುತ್ತಿರುವುದಕ್ಕೆ ನ್ಯಾಯವಾದ ಕಾರಣವಿದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಕಂಬಕ್ಕೆ ಹಿಂದಿನ ಬಾಗಿಲು ಒರೆಸಿಕೊಂಡಿತು ಅನ್ನಿ. ಇನ್ಶೂರೆನ್ಸ್ ಕ್ಲೇಮು ಹಾಕಿದರೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಒಂದು ವರ್ಷ ಕ್ಲೇಮಿಲ್ಲದಿದ್ದರೆ ಶೇ. 20, ಆಮೇಲೆ 25, 35, 45, ಐದು ವರ್ಷ ತುಂಬಿದರೆ ಶೇ. 50. ಈ ಮೆಟ್ಟಿಲು ಹತ್ತಿ ಕೂತವರು ಅಂಗೈಯಗಲದ ನೆಗ್ಗಿಗೆ ಅದನ್ನು ಕಳೆದುಕೊಳ್ಳಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮೊದಲು ಯೋಚಿಸಬೇಕಾದದ್ದು ನೆಗ್ಗಿರುವುದು ಎಲ್ಲಿ ಎಂಬುದನ್ನು. ಮುಂದಿನ ಫೆಂಡರ್ ಬೋಲ್ಟಿನಲ್ಲಿ ಕೂತ ಭಾಗ. ಸಣ್ಣ ಕಾರುಗಳಲ್ಲಿ ಹತ್ತರ ಸ್ಪ್ಯಾನರ್ ಹಿಡಿದರೆ ಬಿಚ್ಚಿ ಹೊಸದು ಕೂರಿಸಬಹುದು. ಜೋರಾಗಿ ಮಡಚಿಕೊಂಡಿದ್ದರೆ ಅದೇ ಒಳ್ಳೆಯದು. ಹಿಂದಿನ ಕ್ವಾರ್ಟರ್ ಪ್ಯಾನೆಲ್, ಮೇಲ್ಛಾವಣಿ ಬಾಡಿಗೆ ವೆಲ್ಡ್ ಆಗಿರುತ್ತವೆ, ಅಲ್ಲಿ ರಿಪೇರಿಯೇ ಗತಿ. ಬಾಗಿಲ ಕೆಳಗಿನ ಸಿಲ್, ಎರಡು ಬಾಗಿಲ ನಡುವಿನ ಪಿಲ್ಲರ್ ಗಾಡಿಯ ಎಲುಬು. ಅವು ಬಾಗಿದ್ದರೆ ಪುಟ್ಟಿಯ ಮಾತೇ ಎತ್ತಬಾರದು. ಬಂಪರ್ ಪ್ಲಾಸ್ಟಿಕ್ಕು, ತಗಡಿನ ಪುಟ್ಟಿ ಅದರ ಮೇಲೆ ಬಿರಿಯುತ್ತದೆ. ಬಾಗಿಲಿನ ಹೊರತಗಡು ಮನೆಯಲ್ಲಿ ಕಲಿಯಲು ಎಲ್ಲಕ್ಕಿಂತ ಅನುಕೂಲ, ಯಾಕೆಂದರೆ ಅದರ ಬೆನ್ನಿಗೆ ಕೈ ಹೋಗುತ್ತದೆ. ಮುಂದೆ ಹೇಳುವುದೆಲ್ಲ ಅಂಥ ಬಾಗಿಲನ್ನು ಇಟ್ಟುಕೊಂಡೇ: ಸುಮಾರು 20 ಸೆಂ.ಮೀ. ಅಗಲ, ನಡುವೆ ಒಂದೂವರೆ ಸೆಂ.ಮೀ. ಆಳ, ಬಣ್ಣ ಅಲ್ಲಲ್ಲಿ ಹರಿದಿದೆ.

ಅಂಗೈ ಕಾಣುವುದು

ಬೆಂಗಳೂರಿನ ಶಿವಾಜಿನಗರದ ಕಡೆಯ ಹಳೆಯ ಶೆಡ್ಡುಗಳಲ್ಲಿ ಕೈ ಪಳಗಿದ ಟಿಂಕರ್ ಒಬ್ಬರು ಬಾಗಿಲ ಮುಂದೆ ಕೂತರೆ ಮೊದಲ ಹತ್ತು ನಿಮಿಷ ಸುತ್ತಿಗೆ ಮುಟ್ಟುವುದಿಲ್ಲ. ತೆಳ್ಳನೆಯ ಹತ್ತಿಬಟ್ಟೆಯೊಂದನ್ನು ಬಾಗಿಲ ಮೇಲಿಟ್ಟು, ಬೆರಳುಗಳನ್ನು ಚಾಚಿ, ಅಂಗೈಯನ್ನು ಉದ್ದಕ್ಕೆ ಜಾರಿಸುತ್ತಾರೆ. ಒಳ್ಳೆಯ ತಗಡಿನಿಂದ ಶುರುಮಾಡಿ ನೆಗ್ಗು ದಾಟಿ ಮತ್ತೆ ಒಳ್ಳೆಯ ತಗಡಿನವರೆಗೆ. ಕಣ್ಣು ಬೇರೆಲ್ಲೋ ಇರುತ್ತದೆ. ಬಟ್ಟೆ ಯಾಕೆಂದರೆ ಬರಿಗೈ ಬಣ್ಣಕ್ಕೆ ಅಂಟಿಕೊಂಡು ತಡೆಯುತ್ತದೆ. ಬಟ್ಟೆಯಿದ್ದರೆ ಕೈ ಸರಾಗವಾಗಿ ಹರಿದು ಕಾಲು ಮಿಲಿಮೀಟರಿನ ಏರಿಳಿತವೂ ಅಂಗೈಯ ಬುಡಕ್ಕೆ ತಿಳಿಯುತ್ತದೆ. ಆಮೇಲೆ ಚಾಕ್‌ಪೀಸಿನಲ್ಲಿ ತಗ್ಗಿಗೆ ಸೊನ್ನೆ, ಉಬ್ಬಿಗೆ ಕತ್ತರಿ ಗುರುತು. ಹೊಸಬರಿಗೆ ಅಚ್ಚರಿಯಾಗುವುದು ಇಲ್ಲೇ: ಕತ್ತರಿ ಗುರುತುಗಳೂ ಬಹಳ ಇರುತ್ತವೆ. ತಗಡು ಒಳಕ್ಕೆ ಹೋದಾಗ ಆ ತಗಡಿಗೆ ಎಲ್ಲಾದರೂ ಜಾಗ ಬೇಕಲ್ಲ, ಅದು ನೆಗ್ಗಿನ ಸುತ್ತ ಏರಿಯ ಹಾಗೆ ಎದ್ದು ನಿಂತಿರುತ್ತದೆ. ಆ ಏರಿಯನ್ನು ಇಳಿಸದೆ ನಡುವಿನ ಗುಂಡಿಯನ್ನು ಮಾತ್ರ ತುಂಬಿದರೆ ಏರಿಯೇ ಹೊಸ ಮಟ್ಟವಾಗಿಬಿಡುತ್ತದೆ. ಅದಕ್ಕೆ ಸರಿಯಾಗಿ ಸುತ್ತಲೂ ಪುಟ್ಟಿ ಏರಿಸುತ್ತ ಹೋಗಿ ಅಂಗೈಯಗಲದ ಕೆಲಸ ಮೊಳದಗಲವಾಗುತ್ತದೆ. ಓರೆಬಿಸಿಲಲ್ಲಿ ಬಳುಕುವ ಬಾಗಿಲುಗಳ ಕತೆ ಹೆಚ್ಚಾಗಿ ಇದು.

ಬಾಗಿಲಿನ ಒಳಗಿನ ಪ್ಯಾಡ್ ಬಿಚ್ಚಿ, ಅದರ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಎಬ್ಬಿಸಿ ಪಕ್ಕಕ್ಕಿಡಿ. ಅದು ಮತ್ತೆ ಬೇಕು. ಗಾಜು ಪೂರ್ತಿ ಮೇಲಿರಲಿ. ಒಳಗೆ ಅಡ್ಡಲಾಗಿ ಉಕ್ಕಿನ ತೊಲೆಯೊಂದು ಹಾದಿರುತ್ತದೆ, ಪಕ್ಕದಿಂದ ಗುದ್ದಿದರೆ ಒಳಗಿದ್ದವರನ್ನು ಕಾಯುವುದು ಅದೇ. ಅದನ್ನು ಆನಿಕೆ ಮಾಡಿಕೊಂಡು ಮೀಟಬಾರದು. ಬಣ್ಣ ಗಟ್ಟಿಯಾಗಿದ್ದ ಕಡೆ ಅಂಟಿನ ಗನ್ನು, ಪ್ಲಾಸ್ಟಿಕ್ ಗುಂಡಿಗಳಿರುವ ಎಳೆಯುವ ಕಿಟ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಬಣ್ಣ ಉಜ್ಜುವುದಕ್ಕೆ ಮೊದಲೇ ಮುಗಿಸಿಕೊಳ್ಳಿ, ಬರಿ ತಗಡಿನ ಮೇಲೆ ಆ ಅಂಟು ಅಷ್ಟು ಹಿಡಿಯುವುದಿಲ್ಲ. ಉಳಿದದ್ದು ಸುತ್ತಿಗೆ ಮತ್ತು ಡಾಲಿ (ತಗಡಿನ ಬೆನ್ನಿಗೆ ಒತ್ತಿ ಹಿಡಿಯುವ ಉಕ್ಕಿನ ಗಟ್ಟಿ). ಪೆಟ್ಟಿನ ಇತಿಹಾಸವನ್ನು ಹಿಂದುಮುಂದು ಮಾಡಿ ಓದಬೇಕು: ಕೊನೆಯಲ್ಲಿ ಮಡಚಿದ್ದು ಮೊದಲು ಬಿಚ್ಚಬೇಕು. ಅಂದರೆ ಅಂಚಿನ ಏರಿ ಮೊದಲು, ನಡುವಿನ ಆಳ ಕೊನೆಗೆ. ಒಳಗಿನಿಂದ ತಗ್ಗಿನ ಬೆನ್ನಿಗೆ ಡಾಲಿ ಒತ್ತಿ ಹಿಡಿದು, ಹೊರಗಿನಿಂದ ಪಕ್ಕದ ಏರಿಯ ಮೇಲೆ ಸುತ್ತಿಗೆಯಿಂದ ಹಗುರಾಗಿ ತಟ್ಟಿದರೆ ಏರಿ ಇಳಿಯುತ್ತ ತಗ್ಗು ತಾನಾಗಿ ಮೇಲೆ ಬರುತ್ತದೆ. ಸುತ್ತಿಗೆ ಮತ್ತು ಡಾಲಿ ನಡುವೆ ತಗಡನ್ನು ನೇರ ಸಿಕ್ಕಿಸಿ ಬಡಿದರೆ, ರೊಟ್ಟಿ ತಟ್ಟಿದಂತೆ, ತಗಡು ತೆಳುವಾಗಿ ಹಿಗ್ಗುತ್ತದೆ. ಬಾಗಿಲಿನ ತಗಡು ಇರುವುದೇ 0.7 ಮಿ.ಮೀ. ಆಸುಪಾಸು. ಹಿಗ್ಗಿದ ತಗಡಿಗೆ ಕೂರಲು ಜಾಗ ಸಾಲದೆ, ಎಣ್ಣೆಡಬ್ಬದ ತಳ ಒತ್ತಿದಂತೆ ಟಕ್ ಎಂದು ಒಳಗೆ, ಟಕ್ ಎಂದು ಹೊರಗೆ ಆಡುತ್ತದೆ. ಆ ಟಕ್ ಶಬ್ದವಿರುವ ತಗಡಿನ ಮೇಲೆ ಹಾಕಿದ ಯಾವ ಪುಟ್ಟಿಯೂ ನಿಲ್ಲುವುದಿಲ್ಲ. ಅದನ್ನು ಬಿಸಿ ಕೊಟ್ಟು ಕುಗ್ಗಿಸಬೇಕು, ಅದು ಶೆಡ್ಡಿನ ಕೆಲಸ.

ತೂತು ಕೊರೆದು, ಸ್ಕ್ರೂ ಕೂರಿಸಿ ಎಳೆಯುವ ಹಳೆಯ ಪದ್ಧತಿ ಇನ್ನೂ ಹೋಗಿಲ್ಲ. ಮನೆಯಲ್ಲಿ ಡ್ರಿಲ್ಲು ಇದ್ದವರಿಗೆ ಅದು ಸುಲಭವಾಗಿಯೂ ತೋರುತ್ತದೆ. ಖಂಡಿತ ಬೇಡ. ಆರೆಂಟು ತೂತು ಅಂದರೆ ಬಾಗಿಲ ಒಳಗಿನ ತೇವಕ್ಕೆ ಆರೆಂಟು ದಾರಿ. ಗಾಜಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ದಾಟಿ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಬಾಗಿಲನ್ನು ಮಾಡಿರುವುದೇ ಹಾಗೆ. ಆ ನೀರು ತೂತಿನ ಅಂಚಿನ ಬರಿ ಉಕ್ಕನ್ನು ಮುಟ್ಟುತ್ತದೆ, ಪುಟ್ಟಿ ಅದನ್ನು ಹಿಂದಿನಿಂದ ಹೀರುತ್ತದೆ, ತುಕ್ಕು ಪುಟ್ಟಿಯಡಿ ಹರಡುತ್ತದೆ. ಹೊರಗೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಇದಕ್ಕೆ ಔಷಧವಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ತಗಡು ಮೂಲ ಮಟ್ಟಕ್ಕಿಂತ ಎರಡು ಮಿಲಿಮೀಟರ್ ಒಳಗೆ ಬಂದು ನಿಂತಾಗ ಸುತ್ತಿಗೆ ಇಳಿಸಬಹುದು. ಮೂರು ಮಿ.ಮೀ. ಮೇಲ್ಮಿತಿ ಎಂದಿಟ್ಟುಕೊಳ್ಳಿ. ಉದ್ದನೆಯ ಸ್ಟೀಲ್ ಸ್ಕೇಲನ್ನು ಅಡ್ಡ ಹಿಡಿದು ಕೆಳಗಿನ ಸಂದು ನೋಡಿದರೆ ಲೆಕ್ಕ ಸಿಗುತ್ತದೆ. ಎಲ್ಲೂ ಮಟ್ಟಕ್ಕಿಂತ ಮೇಲೆ ಇರಬಾರದು. ತಗ್ಗನ್ನು ತುಂಬಬಹುದು, ಉಬ್ಬನ್ನು ತುಂಬಲಾಗುವುದಿಲ್ಲ. ಈ ಹಂತಕ್ಕೆ ಬರಲು ಮೊದಲ ಸಲ ಅರ್ಧ ದಿನ ಹಿಡಿದರೂ ಹಿಡಿಯಲಿ. ಇಲ್ಲಿ ಉಳಿಸಿದ ಒಂದು ಗಂಟೆಗೆ ಉಜ್ಜುವಾಗ ಮೂರು ಗಂಟೆ ತೆರಬೇಕಾಗುತ್ತದೆ.

ಡಬ್ಬದ ಮೇಲಿನ ಹೆಸರು

ಅಂಗಡಿಯಲ್ಲಿ ‘ಪುಟ್ಟಿ ಕೊಡಿ’ ಅಂದರೆ ಮೂರು ಬೇರೆ ಸಾಮಾನುಗಳಲ್ಲಿ ಯಾವುದಾದರೂ ಕೈಗೆ ಬರಬಹುದು. ಗೋಡೆಯ ಪುಟ್ಟಿಗೂ ಕಾರಿಗೂ ಸಂಬಂಧವೇ ಇಲ್ಲ. ಎರಡನೆಯದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ: ಟ್ಯೂಬಿನಲ್ಲೋ ಸಣ್ಣ ಡಬ್ಬದಲ್ಲೋ ಬರುತ್ತದೆ, ಹಾರ್ಡ್ನರ್ (ಗಟ್ಟಿಮಾಡುವ ಬೆರಕೆ) ಬೇಡ, ಅದರೊಳಗಿನ ತಿನ್ನರ್ ಆರಿದಂತೆ ಗಟ್ಟಿಯಾಗುತ್ತದೆ. ತಿನ್ನರ್ ಹೋದಷ್ಟೂ ಕುಗ್ಗುತ್ತದೆ, ದಪ್ಪ ಹಾಕಿದರೆ ಕೆರೆಯಂಗಳದ ಮಣ್ಣಿನ ಹಾಗೆ ಬಿರಿಯುತ್ತದೆ. ಪ್ರೈಮರ್ (ಬಣ್ಣದಡಿಯ ಲೇಪ) ಮೇಲೆ ಕಂಡ ಕೂದಲೆಳೆಯ ಗೀರಿಗೆ ಮಾತ್ರ ಅದು ಸರಿ. ನೆಗ್ಗಿಗೆ ಬೇಕಾದದ್ದು ಪಾಲಿಯೆಸ್ಟರ್ ಪುಟ್ಟಿ, ಜೊತೆಗೆ ಪುಟ್ಟ ಟ್ಯೂಬಿನಲ್ಲಿ ಹಾರ್ಡ್ನರ್ ಇರುವಂಥದ್ದು. ಇದು ಆರುವುದಲ್ಲ, ರಾಸಾಯನಿಕವಾಗಿ ಕಟ್ಟಿಕೊಳ್ಳುವುದು: ಸ್ಟೈರೀನ್‌ನಲ್ಲಿ ಕರಗಿದ ಪಾಲಿಯೆಸ್ಟರ್ ರಾಳ, ಅದಕ್ಕೆ ಟಾಲ್ಕ್ ಪುಡಿ; ಹಾರ್ಡ್ನರ್‌ನಲ್ಲಿರುವ ಬೆಂಜಾಯಿಲ್ ಪೆರಾಕ್ಸೈಡ್ ಅದನ್ನು ಗಟ್ಟಿಮಾಡುತ್ತದೆ. ಇದು ಬರುವ ಮೊದಲು ಬಾಡಿ ಕೆಲಸದವರು ಸೀಸ ಮತ್ತು ತವರದ ಮಿಶ್ರಣವನ್ನು ಕಾಯಿಸಿ ತಗಡಿನ ಮೇಲೆ ಮೆತ್ತುತ್ತಿದ್ದರು. ಪಾಲಿಯೆಸ್ಟರ್ ಬಂದು ಆ ಸೀಸದ ಹೊಗೆಯಿಂದ ಅವರನ್ನು ಪಾರುಮಾಡಿತು. ಇಷ್ಟಾದರೂ ಈ ಪುಟ್ಟಿ ನೀರು ಹೀರುತ್ತದೆ ಎಂಬುದು ನೆನಪಿರಲಿ, ಮುಂದೆ ಅದೇ ತೊಂದರೆ ಕೊಡುವುದು.

ಎಷ್ಟು ಬೇಕು? 20 ಸೆಂ.ಮೀ. ಅಗಲದ ಗುಂಡನೆಯ ತಗ್ಗಿನ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಸರಾಸರಿ ಒಂದು ಮಿ.ಮೀ. ದಪ್ಪ ಎಂದರೆ 31 ಘನ ಸೆಂ.ಮೀ., ತೂಕದಲ್ಲಿ 60 ಗ್ರಾಂ ಹತ್ತಿರ. ಉಜ್ಜಿ ಹೋಗುವುದೂ ಸೇರಿ 150 ಗ್ರಾಂ ಸಾಕು. ಅರ್ಧ ಡಬ್ಬ ಖಾಲಿಯಾಗುತ್ತಿದೆ ಅಂದರೆ ತಗಡಿನ ಕೆಲಸ ಮುಗಿದಿಲ್ಲ ಎಂದರ್ಥ, ನಿಲ್ಲಿಸಿ ಮತ್ತೆ ಸುತ್ತಿಗೆ ಹಿಡಿಯಿರಿ.

ಪುಟ್ಟಿ ಹಾಕುವ ಮೊದಲು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಒರೆಸುವ ಅಭ್ಯಾಸ ಬಿಡಬೇಕು. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ, ಪೆಟ್ರೋಲಿಗೆ ಬೆಂಕಿಯ ಅಪಾಯ. ಮೊದಲು ಸೋಪುನೀರು, ಒಣಗಿದ ಮೇಲೆ ವ್ಯಾಕ್ಸ್-ಗ್ರೀಸ್ ತೆಗೆಯುವ ದ್ರಾವಣ. ಉಜ್ಜಿದ ಮೇಲಲ್ಲ, ಉಜ್ಜುವ ಮೊದಲೇ. ಇಲ್ಲದಿದ್ದರೆ ಪಾಲಿಶಿನ ಸಿಲಿಕೋನ್ ಗೀರುಗಳೊಳಗೆ ಹೋಗಿ ಕೂರುತ್ತದೆ. ಆಮೇಲೆ 80 ನಂಬರ್ ಸ್ಯಾಂಡ್‌ಪೇಪರಿನಲ್ಲಿ ತಗಡು ಬೆಳ್ಳಗಾಗುವವರೆಗೆ ಉಜ್ಜಿ. ಪುಟ್ಟಿ ತಗಡನ್ನು ಹಿಡಿದುಕೊಳ್ಳುವುದು ಈ ಗೀರುಗಳಿಂದ. ನುಣ್ಣನೆಯ ತಗಡಿನಿಂದ ಅದು ಹಪ್ಪಳದಂತೆ ಏಳುತ್ತದೆ. ಸುತ್ತಲಿನ ಬಣ್ಣದ ಅಂಚನ್ನು ಮೂರು-ನಾಲ್ಕು ಸೆಂ.ಮೀ. ಅಗಲ ಇಳಿಜಾರು ಮಾಡಬೇಕು. ಬಣ್ಣ, ಪ್ರೈಮರ್, ತಗಡು ಹೀಗೆ ಒಂದರೊಳಗೊಂದು ಉಂಗುರ ಕಂಡರೆ ಸರಿಯಾಗಿದೆ. ತುಕ್ಕಿನ ಕಪ್ಪು ಚುಕ್ಕೆ ಒಂದೂ ಉಳಿಯಬಾರದು. ಮೊದಲು ಎಪಾಕ್ಸಿ ಪ್ರೈಮರ್ ಹೊಡೆದು ಅದರ ಮೇಲೆ ಪುಟ್ಟಿ ಹಾಕುವುದು ಒಳ್ಳೆಯ ಪದ್ಧತಿ, ಮಂಗಳೂರು, ಕಾರವಾರದ ಕಡಲ ಗಾಳಿಯಲ್ಲಂತೂ ಅದೇ ಸರಿ. ಅದಿಲ್ಲದೆ ಬರಿ ತಗಡಿನ ಮೇಲೆ ಹಾಕುವುದಾದರೆ ಉಜ್ಜಿದ ಒಂದು ಗಂಟೆಯೊಳಗೆ ಹಾಕಿ. ರಾತ್ರಿಯಿಡೀ ಬಿಟ್ಟ ಬರಿ ತಗಡಿಗೆ ಬೆಳಗಾಗುವಷ್ಟರಲ್ಲಿ ಕೆಂಬಣ್ಣ ಹತ್ತಿರುತ್ತದೆ. ಆಸಿಡ್ ಇರುವ ಎಚ್ (etch) ಪ್ರೈಮರ್ ಮೇಲೆ ಮಾತ್ರ ಈ ಪುಟ್ಟಿ ಹಾಕಬಾರದು, ಆ ಆಸಿಡ್ಡು ಪುಟ್ಟಿಯನ್ನು ಸರಿಯಾಗಿ ಕಟ್ಟಿಕೊಳ್ಳಲು ಬಿಡುವುದಿಲ್ಲ.

ಐದು ನಿಮಿಷದ ಕೆಲಸ

ಕಲಸುವುದನ್ನು ಹತ್ತಿರದಿಂದ ನೋಡೋಣ. ಹಲಗೆ ಗಾಜಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಇರಲಿ. ರಟ್ಟಿನ ಮೇಲೆ ಕಲಸಿದರೆ ರಟ್ಟು ರಾಳದ ಸ್ಟೈರೀನನ್ನು ಕುಡಿದುಬಿಡುತ್ತದೆ. ಡಬ್ಬದೊಳಗೆ ಮೇಲೆ ತೇಲಿದ ರಾಳವನ್ನು ಚೆನ್ನಾಗಿ ತಿರುವಿ ಸೇರಿಸಿಕೊಳ್ಳಿ, ಹಾರ್ಡ್ನರ್ ಟ್ಯೂಬನ್ನೂ ಮುಚ್ಚಳ ತೆಗೆಯುವ ಮೊದಲು ಹಿಸುಕಿ ಒಳಗೇ ಕಲಸಿ. ದೊಡ್ಡ ನಿಂಬೆಹಣ್ಣಿನಷ್ಟು, ಅಂದರೆ 60 ಗ್ರಾಂ ಪುಟ್ಟಿ ಹಲಗೆಗೆ ಬರಲಿ. ಹಾರ್ಡ್ನರ್ ತೂಕದಲ್ಲಿ ಶೇ. 2: ನೂರು ಗ್ರಾಂಗೆ ಎರಡು, 60 ಗ್ರಾಂಗೆ 1.2. ಅಡುಗೆಮನೆಯ ತಕ್ಕಡಿ ಇಷ್ಟು ಸೂಕ್ಷ್ಮವಾಗಿ ತೋರಿಸದು; 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಒಂದಿದ್ದರೆ ಕಣ್ಣಂದಾಜಿನ ಗೊಡವೆ ತಪ್ಪುತ್ತದೆ. ಬ್ಲೇಡನ್ನು ಚಪ್ಪಟೆಯಾಗಿ ಹಿಡಿದು ಒತ್ತಿ ಎಳೆಯಿರಿ, ಮಡಚಿ, ಮತ್ತೆ ಒತ್ತಿ ಎಳೆಯಿರಿ. ಮೊಟ್ಟೆ ಬಡಿದ ಹಾಗೆ ತಿರುವಿದರೆ ಗಾಳಿ ಸೇರಿ ಆಮೇಲೆ ಸೂಜಿರಂಧ್ರಗಳ ರಾಶಿಯೇ ಕಾಣುತ್ತದೆ. ಹಾರ್ಡ್ನರ್‌ನ ಕೆಂಪು ಗೆರೆ ಎಲ್ಲೂ ಉಳಿಯದೆ ಮಿಶ್ರಣ ಒಂದೇ ತಿಳಿಬಣ್ಣಕ್ಕೆ ಬಂದಾಗ ಸಾಕು. 25 ಡಿಗ್ರಿಯಲ್ಲಿ ಕಲಸಿದ ಕ್ಷಣದಿಂದ ಮೂರರಿಂದ ಐದು ನಿಮಿಷ ಕೈಯಲ್ಲಿರುತ್ತದೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ 40 ದಾಟಿದಾಗ ಎರಡು ನಿಮಿಷವೂ ಸಿಗುವುದಿಲ್ಲ, ಹಾರ್ಡ್ನರನ್ನು ಶೇ. 1.5ಕ್ಕೆ ಇಳಿಸಿ, ಬೆಳಗ್ಗೆ ಏಳಕ್ಕೆ ನೆರಳಲ್ಲಿ ಕೆಲಸ ಮಾಡಿ. ಶೇ. 1ಕ್ಕಿಂತ ಕೆಳಗೆ ಇಳಿಯಬಾರದು: ಪುಟ್ಟಿ ಒಳಗೆ ಹಸಿಯಾಗೇ ಉಳಿದು ಅಂಚಿನಲ್ಲಿ ಮೇಣದಂತೆ ಕಿತ್ತು ಬರುತ್ತದೆ. ಹೆಚ್ಚಾದರೂ ಕಷ್ಟವೇ. ಬೇಗ ಗಟ್ಟಿಯಾಗಲಿ ಎಂದು ಜಾಸ್ತಿ ಹಿಂಡಿದ ಪೆರಾಕ್ಸೈಡ್ ತಿಂಗಳುಗಳ ನಂತರ ಬಣ್ಣದ ಮೂಲಕ ಹಳದಿ ಕಲೆಯಾಗಿ ಮೇಲೆ ಬರುತ್ತದೆ, ಬಿಳಿ ಕಾರಿನಲ್ಲಿ ಮರೆಮಾಚಲಾಗದ ಹಾಗೆ. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ಬಲು ಅಪಾಯ, ರಕ್ಷಣಾ ಕನ್ನಡಕ ಹಾಕಿಯೇ ಮಾಡಿ.

ಮೊದಲ ಕೈ ತೀರಾ ತೆಳುವಾಗಿ, ಬ್ಲೇಡು ತಗಡಿಗೆ ಕಿರುಗುಟ್ಟುವಷ್ಟು ಒತ್ತಿ ಹಚ್ಚಿ. ಇದು ತುಂಬಲಿಕ್ಕಲ್ಲ, ಗೀರುಗಳೊಳಗಿನ ಗಾಳಿಯನ್ನು ಓಡಿಸಲಿಕ್ಕೆ. ಅದರ ಬೆನ್ನಿಗೇ ತುಂಬುವ ಕೈ, ಮಟ್ಟಕ್ಕಿಂತ ಕೂದಲಷ್ಟು ಎತ್ತರಕ್ಕೆ, ನೆಗ್ಗಿನ ಅಂಚು ದಾಟಿ. ಬ್ಲೇಡು ನೆಗ್ಗಿಗಿಂತ ಅಗಲವಿದ್ದರೆ ಎರಡೂ ಕಡೆಯ ಒಳ್ಳೆಯ ತಗಡೇ ಅದಕ್ಕೆ ದಾರಿ ತೋರಿಸುತ್ತದೆ. ಪುಟ್ಟಿ ಎಳೆಯುವಾಗ ಉಂಡೆ ಕಟ್ಟಿತೆಂದರೆ ಅಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಎಸೆಯಿರಿ. ಮಿಕ್ಕಿದ್ದನ್ನು ಡಬ್ಬಕ್ಕೆ ಹಾಕಿದರೆ ಡಬ್ಬವೇ ಹಾಳು.

ಉಜ್ಜುವುದು, ನೀರಿಲ್ಲದೆ

ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೆ ಉಗುರು ಗೀರಿದರೆ ಬಿಳಿ ಗೆರೆ ಬೀಳುತ್ತದೆ, ಆಗ ಉಜ್ಜಬಹುದು. ನಮ್ಮ ಕಡೆಯ ಎಷ್ಟೋ ಶೆಡ್ಡುಗಳಲ್ಲಿ ಬಕೆಟ್ಟಿನ ನೀರು ಸುರಿದುಕೊಂಡೇ ಪುಟ್ಟಿ ಉಜ್ಜುತ್ತಾರೆ. ಧೂಳು ಏಳುವುದಿಲ್ಲ, ಪೇಪರ್ ಬೇಗ ಕಟ್ಟಿಕೊಳ್ಳುವುದಿಲ್ಲ, ಕೈಗೆ ಹಿತ. ಆದರೆ ಪುಟ್ಟಿ ಆ ನೀರನ್ನು ಹೀರುತ್ತದೆ, ತೆಳು ಅಂಚಿನಲ್ಲಿ ನೀರು ತಗಡಿನವರೆಗೂ ಹೋಗುತ್ತದೆ. ಮೇಲೆ ಒಣಗಿದಂತೆ ಕಂಡಾಗ ಪ್ರೈಮರ್ ಹೊಡೆದು ಅದನ್ನು ಒಳಗೇ ಮುಚ್ಚಿಬಿಡುತ್ತಾರೆ. ಮುಂದಿನ ಬೇಸಿಗೆಯ ಬಿಸಿಲಿಗೆ ಅದು ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಇಷ್ಟು ನುರಿತ ಕೈಗಳು ಮಾಡಿದ ಒಳ್ಳೆಯ ತಗಡಿನ ಕೆಲಸ ಬರೀ ಈ ಒಂದು ಅಭ್ಯಾಸದಿಂದ ಎರಡೇ ವರ್ಷಕ್ಕೆ ಹಾಳಾಗುವುದು ನೋಡಿದರೆ ಸಂಕಟವಾಗುತ್ತದೆ. ಪಾಲಿಯೆಸ್ಟರ್ ಪುಟ್ಟಿಯನ್ನು ಒಣಗಾಗಿಯೇ ಉಜ್ಜಿ. ಧೂಳಿಗೆ ಎನ್95 ಮಾಸ್ಕ್ ಹಾಕಿ. ನೀರಿನ ಪೇಪರಿನ ಸರದಿ ಪ್ರೈಮರ್ ಮೇಲೆ ಬರುತ್ತದೆ.

80ರಲ್ಲಿ ಆಕಾರ, 120ರಲ್ಲಿ 80ರ ಗೀರು ತೆಗೆಯುವುದು, 180ರಲ್ಲಿ ಅಂಚು ಕರಗಿಸುವುದು, ಸುತ್ತಲಿನ ಬಣ್ಣಕ್ಕೆ 320. ಪ್ರತಿ ಸಲವೂ ಹಿಂದಿನ ಗೀರು ಪೂರ್ತಿ ಹೋಗಬೇಕು. 80ರಿಂದ ನೇರ 320ಕ್ಕೆ ಹಾರಿದರೆ ಪ್ರೈಮರ್ ಆ ಗೀರುಗಳಲ್ಲಿ ಇಳಿದು, ತಿಂಗಳ ನಂತರ ಬಣ್ಣದ ಮೇಲೆ ಬಾಚಣಿಗೆ ಎಳೆದಂತೆ ಕಾಣುತ್ತದೆ. ಪೇಪರನ್ನು ಬೆರಳಲ್ಲಿ ಒತ್ತಿ ಉಜ್ಜಿದರೆ ಬೆರಳಿನ ಕಾಲುವೆ ಬೀಳುತ್ತದೆ. ಹವಾಯಿ ಚಪ್ಪಲಿಯ ರಬ್ಬರ್ ತುಂಡು ಪ್ರೈಮರಿಗೆ ಸೊಗಸಾದ ಬ್ಲಾಕು, ಪುಟ್ಟಿಗಲ್ಲ. ಅದು ಮೆತ್ತಗಿದ್ದು ಅಲೆಯ ಜೊತೆ ತಾನೂ ಅಲೆಯಾಗುತ್ತದೆ. ನೆಗ್ಗಿಗಿಂತ ಉದ್ದವಾದ, ಒಂದು ಅಡಿಯ ನೇರ ಮರದ ಪಟ್ಟಿಗೆ ಪೇಪರ್ ಸುತ್ತಿಕೊಳ್ಳಿ. ಗಾಡಿಯ ಉದ್ದಕ್ಕೆ ಓರೆಯಾಗಿ ಒಂದು ದಿಕ್ಕು, ಆಮೇಲೆ ಅದಕ್ಕೆ ಅಡ್ಡ ಓರೆ. ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನಂತೆ ಉದುರಿಸಿ ಉಜ್ಜಿದರೆ ಕಪ್ಪು ಉಳಿದಲ್ಲಿ ತಗ್ಗು, ತಗಡು ಮಿಂಚಿದಲ್ಲಿ ಉಬ್ಬು. ತಗಡು ಮಿಂಚಿದ ಕೂಡಲೇ ಅಲ್ಲಿ ಉಜ್ಜುವುದನ್ನು ನಿಲ್ಲಿಸಬೇಕು. ಎರಡನೇ ತೆಳು ಕೈ ಹೆಚ್ಚುಕಡಿಮೆ ಎಲ್ಲರಿಗೂ ಬೇಕಾಗುತ್ತದೆ, ಅದು ಸೋಲಲ್ಲ. ಮತ್ತೆ ಅಂಗೈ, ಮತ್ತೆ ಬಟ್ಟೆ: ಕಣ್ಣು ಮುಚ್ಚಿದಾಗ ಪುಟ್ಟಿ ಎಲ್ಲಿ ಶುರುವಾಯಿತು ಎಂದು ಕೈಗೆ ತಿಳಿಯದಿದ್ದರೆ ಮುಗಿಯಿತು.

ಪ್ರೈಮರ್ ಎರಡು-ಮೂರು ಕೈ, ನಡುವೆ ಹತ್ತು ನಿಮಿಷ ಬಿಟ್ಟು. ಪೂರ್ತಿ ಆರಲಿ. ಆಮೇಲೆ 400, ಕೊನೆಗೆ 600 ನೀರಿನ ಪೇಪರ್. ಹಾರ್ಡ್ನರ್ ಸೇರಿಸುವ 2ಕೆ ಪ್ರೈಮರ್ ಗಟ್ಟಿ ನಿಜ, ಆದರೆ ಅದರ ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಶ್ವಾಸಕೋಶಕ್ಕೆ ಒಮ್ಮೆ ಅದರ ಅಲರ್ಜಿ ಹತ್ತಿದರೆ ಜೀವಮಾನದ ಉಬ್ಬಸ. ಎನ್95 ಅದನ್ನು ತಡೆಯುವುದಿಲ್ಲ. ಮನೆಯ ಪೋರ್ಟಿಕೋದಲ್ಲಿ, ಮಕ್ಕಳು ಓಡಾಡುವ ಕಡೆ ಅದನ್ನು ಸ್ಪ್ರೇ ಮಾಡಬೇಡಿ. ಹಾರ್ಡ್ನರ್ ಬೇಡದ 1ಕೆ ಪ್ರೈಮರ್ ಕ್ಯಾನಿನಲ್ಲಿ ಮುಗಿಸಿ; ನಿಧಾನ ಆರುತ್ತದೆ, ಎರಡು ದಿನ ಕೊಡಿ. ಬಣ್ಣದ ವಿಷಯದಲ್ಲಿ ನನ್ನ ಸ್ಪಷ್ಟ ಅಭಿಪ್ರಾಯ: ಅಚ್ಚಬಿಳಿ ಕಾರಾದರೆ ಕಲರ್ ಕೋಡ್ ಹೇಳಿ ಕ್ಯಾನ್ ಮಾಡಿಸಿಕೊಂಡು ಪ್ರಯತ್ನಿಸಬಹುದು, ಸಿಲ್ವರ್ ಗ್ರೇ ಆದರೆ ಬೂತ್ ಇರುವ ಪೇಂಟರಿಗೆ ಬಿಡಿ. ಮೆಟಾಲಿಕ್‌ನ ಪುಟಾಣಿ ಅಲ್ಯೂಮಿನಿಯಂ ಚೂರುಗಳು ಗನ್ನಿನ ಒತ್ತಡ, ದೂರ, ಒದ್ದೆತನಕ್ಕೆ ತಕ್ಕಂತೆ ಬೇರೆ ಬೇರೆ ಥರ ಮಲಗುತ್ತವೆ. ಕೋಡ್ ಒಂದೇ ಇದ್ದರೂ ಬಣ್ಣ ಬೇರೆಯಾಗಿ ಕಾಣುತ್ತದೆ. ಪ್ರೈಮರ್‌ವರೆಗೆ ನೀವೇ ಮಾಡಿ ಒಯ್ದ ಬಾಗಿಲಿಗೆ ಬಣ್ಣದ ಖರ್ಚು ಮಾತ್ರ ಬೀಳುತ್ತದೆ, ಒಳಗೆ ಏನಿದೆ ಎಂಬುದೂ ನಿಮಗೆ ಗೊತ್ತಿರುತ್ತದೆ.

ಬೆನ್ನಿನ ಕಡೆ

ಇಷ್ಟು ಮುಗಿಸಿ ಬಾಗಿಲ ಪ್ಯಾಡನ್ನು ಹಾಗೇ ಒತ್ತಿ ಕೂರಿಸಿಬಿಡುವವರೇ ಹೆಚ್ಚು. ಸುತ್ತಿಗೆ, ಡಾಲಿ ಆಡಿದ ಜಾಗದಲ್ಲಿ ತಗಡಿನ ಒಳಮೈಯ ಬಣ್ಣ ಉದುರಿರುತ್ತದೆ, ಕೈಕನ್ನಡಿ ಮತ್ತು ಟಾರ್ಚು ಹಿಡಿದರೆ ಬೆಳ್ಳನೆಯ ಗೀರು ಕಾಣುತ್ತವೆ. ಅಲ್ಲಿಗೆ ಎಪಾಕ್ಸಿ ಪ್ರೈಮರನ್ನು ಬ್ರಷ್‌ನಲ್ಲಿ ಹಚ್ಚಿ, ಆರಿದ ಮೇಲೆ ಕ್ಯಾವಿಟಿ ವ್ಯಾಕ್ಸನ್ನು (ತುಕ್ಕು ತಡೆಯುವ ಮೇಣ) ಉದ್ದ ನಳಿಕೆಯಿಂದ ಬಾಗಿಲ ಕೆಳ ಮಡಿಕೆಯವರೆಗೂ ಹೊಡೆಯಿರಿ. ಹೊರಗಿನ ಬಣ್ಣವೆಲ್ಲ ಮುಗಿದ ನಂತರವೇ ಇದು. ವ್ಯಾಕ್ಸಿನ ಹನಿ ಹೊರಮೈಗೆ ಬಿದ್ದರೆ ಬಣ್ಣ ಅಲ್ಲಿ ಕೂರುವುದಿಲ್ಲ. ಬಾಗಿಲ ಅಡಿಯಲ್ಲಿ ನೀರು ಇಳಿಯಲು ಎರಡು-ಮೂರು ಸೀಳುಗಳಿರುತ್ತವೆ. ಉಜ್ಜಿದ ಪುಟ್ಟಿಯ ಧೂಳು ಜಾರಿ ಹೋಗಿ ಅಲ್ಲೇ ಕೂತಿರುತ್ತದೆ, ಮೊದಲ ಮಳೆಗೆ ಅದು ಕೆಸರಾಗಿ ಬಾಯಿ ಕಟ್ಟುತ್ತದೆ. ತೆಳು ಪ್ಲಾಸ್ಟಿಕ್ ಕಡ್ಡಿ ಆಡಿಸಿ ಬಿಡಿಸಿ. ಆಮೇಲೆ ಗಾಜಿನ ಬೀಡಿಂಗ್ ಮೇಲೆ ಒಂದು ಲೋಟ ನೀರು ಮೆಲ್ಲಗೆ ಸುರಿದು ಬಾಗಿಲ ಅಡಿ ನೋಡಿ. ಅರ್ಧ ನಿಮಿಷದಲ್ಲಿ ಸೀಳಿನಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕಿದ ಮೇಲೆ ಪಕ್ಕಕ್ಕಿಟ್ಟ ಪ್ಲಾಸ್ಟಿಕ್ ಹಾಳೆಯನ್ನು ಅದರ ಕಪ್ಪು ಅಂಟಿನ ಗೆರೆಯ ಮೇಲೇ ಒತ್ತಿ ಕೂರಿಸಿ, ಹಾಳೆಯ ಕೆಳ ಅಂಚು ಬಾಗಿಲ ಒಳಗಡೆಗೆ ಇಳಿಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿ, ಪ್ಯಾಡಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಒತ್ತಿ.